ನಮ್ಮೂರ ಆರೋಗ್ಯದ ಸುದ್ದಿ ನಾವೇ ಬರೆಯೋಣ

ಡಿಗ್ರಿ ಮುಗಿಸಿ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗೆಳೆಯ–ಗೆಳತಿಯರಲ್ಲಿ ಬರೆಯುವ ಹವ್ಯಾಸದವರು ಬಹಳ ಮಂದಿ. ಪತ್ರಿಕೆಗಳಿಗೆ ಕವಿತೆ, ಚುಟುಕು ಕಳಿಸುತ್ತಾರೆ. ಆರೋಗ್ಯದ ವಿಷಯ ಬಂದರೆ ಮಾತ್ರ ‘ಅದು ಡಾಕ್ಟರ್ ಬರೆಯುವಂಥದ್ದು’ ಎಂದು ಹಿಂದೆ ಸರಿಯುತ್ತಾರೆ. ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ ಅವರು ‘ತಾಯಿ–ಮಗು’ವಿನಂಥ ಪುಸ್ತಕ ಬರೆದರು, ನಿಜ. ಔಷಧ ಹೇಳುವುದು ವೈದ್ಯರ ಕೆಲಸವೇ. ಆದರೆ ಊರಲ್ಲಿ ಏನಾಗುತ್ತಿದೆ ಎಂದು ನೋಡಿ, ತಿಳಿದವರನ್ನು ಕೇಳಿ ಬರೆಯಲು ನಮಗೂ ಬರುತ್ತದೆ.

ಇಂಡಿ ಲಿಂಬೆಗೆ ಜಿಐ ಮಾನ್ಯತೆ ಸಿಕ್ಕಿದೆಯೆಂದು ‘ಲಿಂಬೆಯ ಹತ್ತು ಲಾಭಗಳು’ ಬರೆದು ಕಳಿಸಿದರೆ ಸಂಪಾದಕರು ಪಕ್ಕಕ್ಕಿಡುತ್ತಾರೆ. ಅಂಥದ್ದು ಮೊಬೈಲಿನಲ್ಲಿ ಬೇಕಾದಷ್ಟಿದೆ. ಅವರಿಗೆ ಬೇಕಿರುವುದು ಊರಿನಲ್ಲಿದ್ದವರಿಗೆ ಮಾತ್ರ ಸಿಗುವ ವಿಷಯ.

ಹಾವು ಕಡಿತವನ್ನೇ ತೆಗೆದುಕೊಳ್ಳಿ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ‘ಹಾವು ಕಡಿತದ ಬಗ್ಗೆ ಬರೆಯುತ್ತೇನೆ’ ಎಂದರೆ ಅದು ಬರೀ ವಿಷಯ. ‘ರಾತ್ರಿ ತೊಗರಿ ಹೊಲದಲ್ಲಿ ಹಾವು ಕಡಿದರೆ ನಮ್ಮ ಹಳ್ಳಿಯಿಂದ ವಿಷನಿರೋಧಕ ಚುಚ್ಚುಮದ್ದು ಸಿಗುವ ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು? ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಇನ್ನೂ ನಿಂತಿಲ್ಲವೇಕೆ?’ ಎಂದರೆ ಅದು ಲೇಖನ. ಬೋರ್‌ವೆಲ್ ನೀರಿನ ಫ್ಲೋರೈಡ್ ಕೂಡ ಹಾಗೆಯೇ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿ ಎಲ್ಲರಿಗೂ ಒಂದೇ; ನಿಮ್ಮ ಓಣಿಯ ನೀರಿನ ಪರೀಕ್ಷಾ ವರದಿ ಏನು ಹೇಳುತ್ತದೆ ಎಂಬುದು ಹೊಸ ಸಂಗತಿ.

ಕನ್ನಡ ಪತ್ರಿಕೆಗಳಿಗೆ ಪೂರ್ತಿ ಲೇಖನವನ್ನೇ ಕಳಿಸುವ ರೂಢಿ ಹೆಚ್ಚು. ಓಡಾಟ ಬೇಡುವ ಬರಹಕ್ಕೆ ಮೊದಲೇ ಒಂದು ಚಿಕ್ಕ ಪತ್ರ ಬರೆದು ಕೇಳುವುದು ಒಳ್ಳೆಯದು. ವಿಷಯವೇನು, ಈಗಲೇ ಯಾಕೆ, ಯಾರನ್ನು ಮಾತಾಡಿಸುತ್ತೀರಿ, ಎಷ್ಟು ಪದ, ಫೋಟೊ ಇದೆಯೇ – ಐದಾರು ಸಾಲು ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಆಶಾ ಕಾರ್ಯಕರ್ತೆ ಮಾತಾಡಲು ಒಪ್ಪಿದ್ದರೆ ಅದನ್ನೂ ತಿಳಿಸಿ. ಅಂಕಿಅಂಶ ಬೇಕಾದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮವಿದೆ. ನವೆಂಬರ್ 14ರ ವಿಶ್ವ ಮಧುಮೇಹ ದಿನಕ್ಕೆ ಬರೆಯುವುದಿದ್ದರೆ ಸೆಪ್ಟೆಂಬರಿನಲ್ಲೇ ಕೇಳಿ. ನುಡಿಯೋ ಯುನಿಕೋಡೋ ಎಂದು ವಿಚಾರಿಸಿಕೊಳ್ಳಿ. ಒಂದೇ ಬರಹವನ್ನು ಏಕಕಾಲಕ್ಕೆ ಎರಡು ಪತ್ರಿಕೆಗೆ ಕಳಿಸಬೇಡಿ.

ಒಂದು ಎಚ್ಚರ. ಕವಿತೆ ತಪ್ಪಿದರೆ ಯಾರ ಜೀವವೂ ಹೋಗದು. ‘ಈ ಕಷಾಯ ಕುಡಿದರೆ ಶುಗರ್ ಮಾಯ’ ಎಂಬ ಸಾಲು ನಂಬಿ ಯಾರೋ ಅಜ್ಜ ಗುಳಿಗೆ ಬಿಟ್ಟಾನು. ಮಧುಮೇಹ, ಕ್ಯಾನ್ಸರ್ ಗುಣಪಡಿಸುತ್ತೇವೆಂಬ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅದನ್ನೇ ಲೇಖನದ ಹೆಸರಲ್ಲಿ ನಾವು ಬರೆಯಬಾರದು. ರೋಗಿಯ ಹೆಸರು, ಫೋಟೊ ಅವರ ಒಪ್ಪಿಗೆಯಿಲ್ಲದೆ ಬೇಡ.

ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೆ ಬೇರೆ ಪತ್ರಿಕೆಗೆ ಕಳಿಸಿ. ನಾಳೆ ಪತ್ರಿಕೋದ್ಯಮದ ಸಂದರ್ಶನಕ್ಕೆ ಹೋದಾಗ ಅಂಕಪಟ್ಟಿಯ ಜೊತೆಗಿಡಲು ಅಚ್ಚಾದ ಎರಡು ಲೇಖನಗಳಿದ್ದರೆ ಮಾತಾಡಲು ಧೈರ್ಯ ಬರುತ್ತದೆ. ಮೊದಲಿಗೆ ನಿಮ್ಮ ಓಣಿಯ ಆಶಾ ಅಕ್ಕನನ್ನು ಕೇಳಿ ನೋಡಿ: ‘ಈ ವರ್ಷ ಜನ ಯಾತಕ್ಕೆ ಹೆಚ್ಚು ದವಾಖಾನೆಗೆ ಹೊಂಟಾರ‍್ರಿ?’