ಬೆರಳಿಟ್ಟು ತೋರಿಸಿ, ಸೊಂಟ ಎಲ್ಲಿ?

ಹೊಳೆನರಸೀಪುರದ ತಾಲ್ಲೂಕು ಕಚೇರಿ ಮುಂದೆ ಹತ್ತು ನಿಮಿಷ ನಿಂತು, ಬೈಕಿನಿಂದ ಇಳಿಯುವವರನ್ನೇ ನೋಡಿ. ಹಳ್ಳಿಮೈಸೂರು ಕಡೆಯಿಂದಲೋ ಅರಕಲಗೂಡು ಕಡೆಯಿಂದಲೋ ಬಂದವರು ಸ್ಟ್ಯಾಂಡ್ ಹಾಕಿದ ಕೂಡಲೇ ನಡೆಯುವುದಿಲ್ಲ. ಒಂದು ಕೈ ಸೀಟಿನ ಮೇಲೆ, ಇನ್ನೊಂದು ನಡುವಿನ ಮೇಲೆ. ನಿಧಾನಕ್ಕೆ ನೆಟ್ಟಗಾಗಿ, ಎರಡು ಹೆಜ್ಜೆ ಕುಂಟಿ, ಮೂರನೆಯದಕ್ಕೆ ಸರಿಹೋಗುತ್ತಾರೆ. ಏನಾಯ್ತು ಅಂದರೆ ಎಲ್ಲರದೂ ಒಂದೇ ಉತ್ತರ: "ಸ್ವಾಂಟ ಹಿಡ್ಕಂಡದೆ ಕಣಣ್ಣ."

ತೊಡಕು ಶುರುವಾಗುವುದೇ ಈ ಮಾತಿನಿಂದ. ಬೆಲ್ಟಿನ ಮೇಲಿನ ಬೆನ್ನು ನೊಂದರೂ ಸೊಂಟ, ಪಿರ್ರೆ ನೊಂದರೂ ಸೊಂಟ, ತೊಡೆಸಂದು ನೊಂದರೂ ಸೊಂಟ. ಮೆಡಿಕಲ್ ಶಾಪಿನವರು ಕೊಡುವ ಮಾತ್ರೆಯೂ ಮೂರಕ್ಕೂ ಒಂದೇ. ಆದರೆ ಮೂರೂ ಬೇರೆ ಜಾಗ, ಬೈಕಿನ ಮೇಲೆ ಮೂರು ಕೆಡುವ ಬಗೆಯೂ ಬೇರೆ. ಹಾಗಾಗಿ ಮೂಳೆ ವೈದ್ಯರು ಮೊದಲು ಕೇಳುವುದು, "ಬೆರಳಿಟ್ಟು ತೋರಿಸಿ". ನಿಜವಾದ ಸೊಂಟದ ಕೀಲಿನ ನೋವಿದ್ದವರು ಹೆಚ್ಚಾಗಿ ಬೆರಳಿಡುವುದಿಲ್ಲ, ಇಡೀ ಕೈಯಿಂದ ಪಕ್ಕೆಯನ್ನು ಹಿಡಿಯುತ್ತಾರೆ. ಹೆಬ್ಬೆರಳು ಹಿಂದೆ ಪಿರ್ರೆಯ ಕಡೆ, ಉಳಿದ ಬೆರಳುಗಳು ಮುಂದೆ ತೊಡೆಸಂದಿನ ಕಡೆ. ಕೈ ಇಂಗ್ಲಿಷಿನ 'ಸಿ' ಅಕ್ಷರದಂತೆ ಕಾಣುವುದರಿಂದ ವೈದ್ಯರು ಇದನ್ನು 'ಸಿ ಗುರುತು' ಅನ್ನುತ್ತಾರೆ.

ಆ ಕೀಲು ಹೇಗಿದೆ ಅಂತ ತಿಳಿಯಲು ಅಡುಗೆಮನೆಯ ಒರಳುಕಲ್ಲು ಸಾಕು. ಸೊಂಟದ ಮೂಳೆಯಲ್ಲಿರುವ ಗುಳಿ ಒರಳು, ತೊಡೆಮೂಳೆಯ ದುಂಡನೆಯ ತುದಿ ಗುಂಡುಕಲ್ಲು. ಗುಂಡುಕಲ್ಲು ಎಲ್ಲ ಕಡೆಗೂ ತಿರುಗುತ್ತದೆ, ಆದರೆ ತೀರಾ ವಾಲಿಸಿದರೆ ಅದರ ಕತ್ತು ಒರಳಿನ ಅಂಚಿಗೆ ತಗಲುತ್ತದೆ. ಕಾಲನ್ನು ಹೊಟ್ಟೆಯ ಕಡೆಗೆ ಸುಮಾರು 120 ಡಿಗ್ರಿ ಮಡಚಬಹುದು. ಕೆಲವರ ತೊಡೆಮೂಳೆಯ ಕತ್ತಿನಲ್ಲೋ ಗುಳಿಯ ಅಂಚಿನಲ್ಲೋ ಹುಟ್ಟಿನಿಂದ ಇಲ್ಲವೇ ಬೆಳೆಯುವ ವಯಸ್ಸಿನಿಂದ ಸ್ವಲ್ಪ ಹೆಚ್ಚುವರಿ ಮೂಳೆ ಇರುತ್ತದೆ. ಅಂಥವರಿಗೆ ತೊಂಬತ್ತು ಡಿಗ್ರಿ ದಾಟುವಾಗಲೇ ತಗಲಬಹುದು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು 2003ರಲ್ಲಿ ಈ ತಗಲಾಟವನ್ನು ವಿವರವಾಗಿ ಬರೆದ ಮೇಲೆ ಯುವಕರ ತೊಡೆಸಂದು ನೋವಿನ ಕಡೆ ವೈದ್ಯರ ಗಮನ ಹೆಚ್ಚಿತು. ಅಂಥ ಮೂಳೆ ಇದ್ದೂ ಏನೂ ನೋವಿಲ್ಲದೆ ಬದುಕುವವರು ಬೇಕಾದಷ್ಟು ಜನ, ಆದ್ದರಿಂದ ಎಕ್ಸ್‌ರೇ ನೋಡಿ ಗಾಬರಿಯಾಗಬೇಕಿಲ್ಲ.

ಇನ್ನು ಬೈಕಿಗೆ ಬನ್ನಿ. ಕೂರುವ ಭಂಗಿಯನ್ನು ತೀರ್ಮಾನಿಸುವುದು ಸೀಟು, ಹ್ಯಾಂಡಲ್, ಫುಟ್‌ರೆಸ್ಟ್ ಎಂಬ ಮೂರು ಬಿಂದು. ನಮ್ಮ ಕಡೆ ಮನೆಗೊಂದರಂತೆ ಇರುವ ಸ್ಪ್ಲೆಂಡರ್‌ನ ಸೀಟು ನೆಲದಿಂದ 785 ಮಿಲಿಮೀಟರ್ ಎತ್ತರ. ಐದೂಕಾಲು ಅಡಿಯವರಿಗೆ ಹೇಳಿ ಮಾಡಿಸಿದಂತಿದೆ. ಆರಡಿಯ ಆಸಾಮಿ ಅದರ ಮೇಲೆ ಕೂತರೆ ಮಂಡಿ ಮೇಲೆದ್ದು ಟ್ಯಾಂಕಿಗೆ ಒತ್ತುತ್ತದೆ, ಕೀಲು ಮಡಚಿದಂತೆಯೇ ಉಳಿಯುತ್ತದೆ. ಹಾಸನಕ್ಕೆ ಮುಟ್ಟುವ ಹೊತ್ತಿಗೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ತೊಡೆಸಂದಿನ ಮುಂದಿನ ಸ್ನಾಯು ಕುಗ್ಗಿಯೇ ಇರುತ್ತದೆ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳೂ ಇಲ್ಲ. ಸ್ಪಂಜಿನಂತೆ ಹಿಂಡಿ, ಬಿಟ್ಟು, ಕೀಲಿನ ದ್ರವವನ್ನು ಹೀರಿಕೊಂಡೇ ಅದು ಬದುಕಬೇಕು, ಅಂದರೆ ಅಲುಗಾಟ ಬೇಕು. ಇಳಿದ ಮೇಲಿನ ಆ ಎರಡು ಕುಂಟು ಹೆಜ್ಜೆಗಳಲ್ಲಿ ಕಾಣುವುದು ಇದೇ ಬಿಗಿತ.

ಅದುರಾಟದ್ದು ಬೇರೆಯೇ ಲೆಕ್ಕ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಸೆಕೆಂಡಿಗೆ ಎಂಬತ್ತಕ್ಕೂ ಹೆಚ್ಚು ಕಂಪನ. ಅದು ಅಂಗೈ ಜೋಮು ಹಿಡಿಸುತ್ತದೆ, ಸೊಂಟದವರೆಗೆ ಹೆಚ್ಚು ತಲುಪುವುದಿಲ್ಲ. ಸೊಂಟಕ್ಕೆ ಬೀಳುವುದು ರಸ್ತೆಯ ನಿಧಾನ ಕುಲುಕಾಟ. ಕೂತ ಮನುಷ್ಯನ ಮೈ ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಆಗುವ ಕುಲುಕಾಟಕ್ಕೆ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸುತ್ತದೆ, ಉಯ್ಯಾಲೆಯನ್ನು ಸರಿಯಾದ ಗಳಿಗೆಗೆ ತಳ್ಳಿದ ಹಾಗೆ. ದೇಹದಲ್ಲಿ ಇದಕ್ಕೆ ಮದ್ದೂ ಇದೆ. ಹಂಪು ಬಂದಾಗ ಅಭ್ಯಾಸಬಲದಿಂದ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಒಂದಿಂಚು ಏಳುತ್ತೇವಲ್ಲ, ಆಗ ಮಂಡಿ ಮತ್ತು ಸೊಂಟದ ಕೀಲುಗಳೇ ಸ್ಪ್ರಿಂಗ್ ಆಗುತ್ತವೆ.

ಈ ಸ್ಪ್ರಿಂಗನ್ನೇ ಕಳೆದುಕೊಂಡವರು ನಮ್ಮಲ್ಲಿ ಎಕ್ಸ್‌ಎಲ್ ಓಡಿಸುವ ರೈತರು. 1980ರಲ್ಲಿ ಬಂದ ಟಿವಿಎಸ್ ಫಿಫ್ಟಿಯ ವಂಶದ ಈ ಬಂಡಿ ನಿಜಕ್ಕೂ ಸೊಂಟಕ್ಕೆ ಒಳ್ಳೆಯದು. ಕಾಲೆತ್ತಿ ದಾಟಿಸುವ ಕಷ್ಟವಿಲ್ಲ, ಬೆನ್ನು ನೆಟ್ಟಗಿರುತ್ತದೆ. ಆದರೆ ಅದನ್ನು ಬರಿದಾಗಿ ಓಡಿಸಿದವರನ್ನು ನಾನು ನೋಡಿಲ್ಲ. ಮುಂದೆ ಕಾಲಿಡುವ ಜಾಗದಲ್ಲಿ ಬೂಸಾ ಮೂಟೆ, ಪಕ್ಕಕ್ಕೆ ಹಾಲಿನ ಕ್ಯಾನು. ಮೂಟೆ ಎರಡು ತೊಡೆಗಳನ್ನೂ ಅಗಲಿಸಿ, ಪಾದಗಳನ್ನು ಹೊರಕ್ಕೆ ತಳ್ಳುತ್ತದೆ. ಕಾಲು ಗಾಳಿಯಲ್ಲಿ. ಹಂಪು ಬಂದರೆ ಏಳಲು ಆಧಾರವಿಲ್ಲ, ಇಡೀ ಏಟು ಪಿರ್ರೆಯ ಮೂಳೆಯಿಂದ ನೇರ ಬೆನ್ನಿಗೆ. ಚೆನ್ನರಾಯಪಟ್ಟಣ ಕಡೆ ತೆಂಗಿನಕಾಯಿ ಚೀಲ ಹೇರುವವರದೂ ಇದೇ ಕತೆ. ಮೂಟೆಯನ್ನು ಹಿಂದೆ ಕಟ್ಟಬಾರದೇ ಅಂತ ಒಬ್ಬರಿಗೆ ಹೇಳಿ ನೋಡಿದೆ. "ಹಿಂದಕ್ಕೆ ಕಟ್ಟಿದ್ರೆ ನಮ್ಮನೆಯವ್ಳ ಎಲ್ಲಿ ಕೂರುಸ್ಲಿ ಸಾ?" ಅಂದರು. ನನ್ನ ವಿಜ್ಞಾನ ಅಲ್ಲಿಗೆ ನಿಂತಿತು.

ಹಿಂದೆ ಕೂರುವ ಆ 'ಮನೆಯವಳ' ನೋವಿನ ಬಗ್ಗೆ ಯಾರೂ ಬರೆದದ್ದು ಕಾಣೆ. ಸೀರೆಯುಟ್ಟು, ಎರಡೂ ಕಾಲು ಎಡಕ್ಕೆ ಹಾಕಿ, ಬಲಗೈಯಿಂದ ಗಂಡನ ಹೆಗಲು ಹಿಡಿದು ಕೂರುವ ಭಂಗಿಗೆ ನಮ್ಮ ಕಾನೂನಿನಲ್ಲೇ ಜಾಗವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಆಧಾರ, ಹಿಂಚಕ್ರದ ಅರ್ಧವಾದರೂ ಮುಚ್ಚುವ ತಡೆ ಇರಲೇಬೇಕು. ಸೀರೆ ಸಿಕ್ಕದಿರಲು ಕಾನೂನು ಮಾಡಿದವರು ಸೊಂಟವನ್ನು ಮಾತ್ರ ಮರೆತರು. ಓಡಿಸುವವನಿಗೆ ಬ್ರೇಕ್ ಹಾಕಿದಾಗ ಮೈ ಹಿಂದೆ ಮುಂದೆ ಓಲಾಡಿದರೆ, ಒಂದೇ ಪಕ್ಕ ಕೂತವಳನ್ನು ಅದೇ ಬ್ರೇಕ್ ಅಡ್ಡಕ್ಕೆ ತಳ್ಳುತ್ತದೆ. ಪ್ರತಿ ಸಲವೂ ಹಿಡಿದು ನಿಲ್ಲಿಸಬೇಕಾದದ್ದು ಪಕ್ಕೆ ಮತ್ತು ಪಿರ್ರೆಯ ಪಕ್ಕದ ಸ್ನಾಯುಗಳು. ಜೊತೆಗೆ ಮಂಡಿಗಳು ಜೋಡಿಸಿಕೊಂಡೋ ಒಂದರ ಮೇಲೊಂದು ಏರಿಯೋ ಇರುತ್ತವೆ. ಹಾಗೆ ಕೂತಾಗ ಪಿರ್ರೆಯ ಪಕ್ಕದ ಸ್ನಾಯುವಿನ ಕಟ್ಟು ತೊಡೆಯ ಹೊರಬದಿಯ ಉಬ್ಬು ಮೂಳೆಗೆ ಒತ್ತಿಕೊಳ್ಳುತ್ತದೆ. ನಲವತ್ತು ದಾಟಿದ ಹೆಂಗಸರಲ್ಲಿ ಆ ಉಬ್ಬಿನ ಮೇಲಿನ ನೋವು ಮೊದಲೇ ಹೆಚ್ಚು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿದ್ದರೆ ಅದೇ ಇರಬೇಕು. ಎರಡು ಮಂಡಿಗಳ ನಡುವೆ ದಿಂಬಿಟ್ಟು ಇನ್ನೊಂದು ಮಗ್ಗುಲಿಗೆ ಮಲಗಿದರೆ ಎಷ್ಟೋ ಹಗುರ. ಚೂಡಿದಾರ ಹಾಕಿ ಎರಡೂ ಕಡೆ ಕಾಲು ಹಾಕಿ ಕೂರುವುದು ಸೊಂಟಕ್ಕೂ ಸುರಕ್ಷತೆಗೂ ಮೇಲು. ಅತ್ತೆ ಒಪ್ಪುವುದು ಬಿಡುವುದು ಬೇರೆ ಮಾತು.

ಇನ್ನು ನನ್ನದೇ ನೋವು. ಬಲಪಿರ್ರೆಯಿಂದ ತೊಡೆಯ ಹಿಂಭಾಗಕ್ಕೆ ಚುಳುಕು. ಬೈಕನ್ನು ಬೈದೆ, ರಸ್ತೆಯನ್ನು ಬೈದೆ. ವೈದ್ಯರು ನನ್ನ ಪ್ಯಾಂಟಿನ ಹಿಂಜೇಬು ನೋಡಿ ಪರ್ಸು ತೆಗೆಯಿರಿ ಅಂದರು. ಎರಡು ಬೆರಳು ದಪ್ಪದ ಪರ್ಸು, ದುಡ್ಡಿಗಿಂತ ರಸೀದಿಗಳೇ ಜಾಸ್ತಿ. ಅದರ ಮೇಲೆ ಕೂತರೆ ಒಂದು ಪಿರ್ರೆ ಎತ್ತರ, ಒಂದು ತಗ್ಗು. ಅದರಡಿಯಲ್ಲೇ ಹಾದುಹೋಗುವ ಸಯಾಟಿಕ್ ನರಕ್ಕೂ ಒತ್ತಡ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1978ರಲ್ಲೇ ಕ್ರೆಡಿಟ್ ಕಾರ್ಡ್ ತುಂಬಿದ ಪರ್ಸಿನಿಂದ ಬರುವ ಈ ಕಾಲುನೋವಿನ ಬಗ್ಗೆ ವೈದ್ಯರೊಬ್ಬರು ಬರೆದಿದ್ದರು.

ಬೈಕನ್ನೂ ಒಮ್ಮೆ ಹಿಂದಿನಿಂದ ನಿಂತು ನೋಡಬೇಕು. ಎಂದೋ ಬಿದ್ದಾಗ ಬಾಗಿದ ಫುಟ್‌ರೆಸ್ಟ್ ಒಂದು ಕಾಲನ್ನು ಎತ್ತಿಯೇ ಇಟ್ಟಿರುತ್ತದೆ. ಎರಡು ಶಾಕ್‌ಅಬ್ಸಾರ್ಬರ್‌ಗಳ ಸ್ಪ್ರಿಂಗ್ ಬಿಗಿ ಮಾಡುವ ಮೆಟ್ಟಿಲು ಬೇರೆ ಬೇರೆ ಇರಬಹುದು. ಹಳೆಯ ಸೀಟಿನ ಸ್ಪಂಜು ಕುಸಿದಿದ್ದರೆ ಸೀಟ್ ಕವರ್ ಅಂಗಡಿಯಲ್ಲಿ ಹೊಸದು ಹಾಕಿಸಿ. ಮೆತ್ತನೆಯದು ಮಾತ್ರ ಬೇಡ, ಗಟ್ಟಿಯಾಗಿರಲಿ. ಮೆತ್ತನೆಯದು ಎರಡೇ ವಾರಕ್ಕೆ ತಳ ಮುಟ್ಟುತ್ತದೆ. ಎತ್ತರದವರು ಒಂದಿಂಚು ಏರಿಸಿದರೆ ಕೀಲು ಅಷ್ಟು ಬಿಚ್ಚಿಕೊಳ್ಳುತ್ತದೆ, ಕಾಲು ನೆಲಕ್ಕೆ ಎಟುಕಬೇಕು ಅಷ್ಟೆ. ಕ್ಯಾನನ್ನು ಒಂದೇ ಕಡೆ ನೇತುಹಾಕುವ ಬದಲು ಎರಡು ಚಿಕ್ಕ ಕ್ಯಾನು ಮಾಡಿಕೊಳ್ಳಬಹುದು. ಮನೆಯಲ್ಲಿ ಒಂದು ಮಂಡಿ ನೆಲಕ್ಕೂರಿ ಇನ್ನೊಂದು ಪಾದ ಮುಂದಿಟ್ಟು ತೊಡೆಸಂದಿನ ಮುಂಭಾಗ ಹಿಗ್ಗಿಸುವುದು, ಅಂಗಾತ ಮಲಗಿ ಮಂಡಿ ಮಡಚಿ ಪಿರ್ರೆ ಎತ್ತಿ ಇಳಿಸುವುದು, ಇವೆರಡೇ ಸಾಕು ಶುರುವಿಗೆ.

ಒಂದನ್ನು ಮಾತ್ರ ಬೈಕಿನ ತಲೆಗೆ ಕಟ್ಟಬೇಡಿ. ಮೂವತ್ತು ನಲವತ್ತರ ಗಂಡಸಿಗೆ ತೊಡೆಸಂದು ವಾರಗಟ್ಟಲೆ ನೊಂದು, ರಾತ್ರಿಯೂ ಬಿಡದೆ, ಚಕ್ಕಳಮಕ್ಕಳ ಹಾಕಲು ಆಗದಿದ್ದರೆ ತೊಡೆಮೂಳೆಯ ದುಂಡನೆಯ ತುದಿಗೆ ರಕ್ತ ಹರಿಯುವುದು ನಿಂತು ಮೂಳೆ ಸಾಯುತ್ತಿರಬಹುದು. ಕುಡಿತ ಮತ್ತು ಸ್ಟೀರಾಯ್ಡ್ ಮದ್ದು ಅದರ ಮುಖ್ಯ ಕಾರಣಗಳು. ಶುರುವಿನಲ್ಲಿ ಎಕ್ಸ್‌ರೇ ಸುಮ್ಮನಿರುತ್ತದೆ, ಎಂಆರ್‌ಐ ಹೇಳುತ್ತದೆ. ಎರಡು ತೊಡೆಗಳ ನಡುವೆ ಮರಗಟ್ಟಿ ಮೂತ್ರದ ಹಿಡಿತ ತಪ್ಪಿದರಂತೂ ಅದೇ ದಿನ ಆಸ್ಪತ್ರೆ.

ನನ್ನ ಪರ್ಸು ಈಗ ಷರ್ಟಿನ ಜೇಬಿನಲ್ಲಿದೆ. ಬಲಗಡೆಯ ಫುಟ್‌ರೆಸ್ಟ್ ಕೂಡ ಬಾಗಿತ್ತು, ಮೆಕ್ಯಾನಿಕ್ ಹುಡುಗ ಕಬ್ಬಿಣದ ಪೈಪು ತೂರಿಸಿ ಎರಡೇ ನಿಮಿಷದಲ್ಲಿ ನೆಟ್ಟಗೆ ಮಾಡಿ, ಕಾಸು ಬೇಡ ಅಂದ. ಚುಳುಕು ಹೋಯಿತು. ತೊಡೆಸಂದಿನ ಬಿಗಿ ಮಾತ್ರ ಉಳಿದಿದೆ, ಹಾಗಾಗಿ ಹಾಸನಕ್ಕೆ ಹೋಗುವಾಗ ಮೊಸಳೆಹೊಸಹಳ್ಳಿಯಲ್ಲಿ ಇಳಿದು ಒಂದು ಟೀ ಕುಡಿಯುತ್ತೇನೆ, ನಿಂತುಕೊಂಡೇ.