ಹಾಡಿನ ಹಿಂದಿನ ಕಥೆಯನ್ನು ಹಾಡಿದವರು ಹೇಳಬೇಕು

1992ರಲ್ಲಿ ‘ದಿ ಬಾಡಿಗಾರ್ಡ್’ ಚಿತ್ರಕ್ಕಾಗಿ ವಿಟ್ನಿ ಹ್ಯೂಸ್ಟನ್ ಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯು’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಇವತ್ತಿಗೂ ಬಹಳಷ್ಟು ಕೇಳುಗರಿಗೆ ಅದು ವಿಟ್ನಿಯ ಹಾಡು. ಬರೆದವರು, ಮೊದಲು ಹಾಡಿದವರು ಡಾಲಿ ಪಾರ್ಟನ್. ಅವರ ಧ್ವನಿಮುದ್ರಿಕೆ ಹೊರಬಂದದ್ದು 1974ರಲ್ಲಿ. ಆ ಹಾಡು ಹುಟ್ಟಿದ ಬಗೆ, ಅದು ಕೈಯಿಂದ ಕೈಗೆ ದಾಟಿದ ಬಗೆ ಎರಡನ್ನೂ ಪಾರ್ಟನ್ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಇಂಥ ಕಥೆಗಳು ಅಭಿಮಾನಿಗಳ ಕುತೂಹಲ ತಣಿಸಲು ಇರುವ ಹರಟೆ ಎಂದು ತಿಳಿಯುವವರೇ ಹೆಚ್ಚು. ಸ್ವಂತ ಹಾಡಾಗಲಿ, ಬೇರೆಯವರ ಹಾಡಿನ ಕವರ್ ಆಗಲಿ, ಅದರ ಹಿನ್ನೆಲೆಯನ್ನು ಕೇಳುಗರಿಗೆ ತಿಳಿಸುವುದು ಕಲಾವಿದರ ಹೊಣೆಯ ಭಾಗವೆಂದು ನಾನು ನಂಬುತ್ತೇನೆ. ಯಾಕೆಂದರೆ ಒಂದು ಹಾಡಿಗೆ ಯಾರ್ಯಾರು ಏನೇನು ಕೊಟ್ಟರು ಎಂಬುದು ಬರೀ ಕೇಳಿದರೆ ಗೊತ್ತಾಗುವುದಿಲ್ಲ, ಹಕ್ಕುಸ್ವಾಮ್ಯದ ಕಾಗದಗಳಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ.

ಪಾರ್ಟನ್ ಹೇಳುವುದನ್ನೇ ನೋಡಿ. ಪೋರ್ಟರ್ ವ್ಯಾಗನರ್ ಎಂಬ ಹಿರಿಯ ಗಾಯಕ 1967ರಲ್ಲಿ ತಮ್ಮ ಟಿವಿ ಕಾರ್ಯಕ್ರಮಕ್ಕೆ ಆಕೆಯನ್ನು ಸೇರಿಸಿಕೊಂಡಿದ್ದರು. ಕೆಲವು ವರ್ಷಗಳ ಮೇಲೆ ಸ್ವತಂತ್ರವಾಗಿ ಹಾಡಲು ಹೊರಟಾಗ ಅವರನ್ನು ಮಾತಿನಲ್ಲಿ ಒಪ್ಪಿಸಲಾಗದೆ ಆಕೆ ಈ ಹಾಡು ಕಟ್ಟಿದರು. ಲೋಕವೆಲ್ಲ ಪ್ರೇಮಿಗಳ ಅಗಲಿಕೆ ಎಂದುಕೊಂಡದ್ದು ಕೈಹಿಡಿದು ನಡೆಸಿದವರಿಗೆ ಹೇಳಿದ ವಿದಾಯ. ಮುಂದೆ ಎಲ್ವಿಸ್ ಪ್ರೀಸ್ಲಿ ಇದನ್ನು ಹಾಡಬಯಸಿದಾಗ ಅವರ ಮ್ಯಾನೇಜರ್ ಪ್ರಕಾಶನ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು. ಪಾರ್ಟನ್ ಅತ್ತುಕೊಂಡೇ ನಿರಾಕರಿಸಿದರು. ಆ ನಿರಾಕರಣೆಯಿಂದಾಗಿ ವಿಟ್ನಿಯ ಧ್ವನಿಮುದ್ರಿಕೆಯಿಂದ ಬಂದ ಪ್ರಕಾಶನದ ಆದಾಯವನ್ನು ಅವರು ಹಂಚಿಕೊಳ್ಳಬೇಕಾಗಲಿಲ್ಲ. ವಿಟ್ನಿಯ ತಂಡ ಮಾದರಿಯಾಗಿ ಇಟ್ಟುಕೊಂಡಿದ್ದು ಲಿಂಡಾ ರಾನ್‌ಸ್ಟಾಟ್ 1975ರಲ್ಲಿ ಮಾಡಿದ್ದ ಕವರ್. ಅದರಲ್ಲಿ ಕೊನೆಯ ಚರಣ ಇರಲಿಲ್ಲ. ನಿರ್ಮಾಪಕ ಡೇವಿಡ್ ಫಾಸ್ಟರ್ ಫೋನ್ ಮಾಡಿದಾಗ ಪಾರ್ಟನ್ ಅದನ್ನು ಗುರುತಿಸಿ ಆ ಸಾಲುಗಳನ್ನು ತಿಳಿಸಿದರು. ವಾದ್ಯವಿಲ್ಲದೆ ಬರೀ ಕಂಠದಿಂದ ಹಾಡು ಶುರುವಾಗಲಿ ಎಂದು ಪಟ್ಟು ಹಿಡಿದವರು ನಟ ಕೆವಿನ್ ಕಾಸ್ಟ್ನರ್. ನಾವು ಮೆಚ್ಚಿ ಕೇಳುವ ಆ ಕೆಲವೇ ನಿಮಿಷಗಳಲ್ಲಿ ಇಷ್ಟು ಜನರ ತೀರ್ಮಾನಗಳಿವೆ. ಹೇಳುವವರು ಇಲ್ಲದಿದ್ದರೆ ಅವೆಲ್ಲ ಒಬ್ಬರ ಹೆಸರಿನೊಳಗೆ ಕರಗಿಹೋಗುತ್ತಿದ್ದವು.

ಪಾರ್ಟನ್ ವಿಷಯದಲ್ಲಿ ಕಾನೂನು ರಚನಕಾರರನ್ನು ಕಾಪಾಡಿತು. ಮರುಸೃಷ್ಟಿ ಮಾಡಿದವರನ್ನು ಅದು ಕಾಯುವುದಿಲ್ಲ ಎಂಬುದಕ್ಕೆ ‘ರೆಸ್ಪೆಕ್ಟ್’ ಸಾಕ್ಷಿ. ಓಟಿಸ್ ರೆಡಿಂಗ್ 1965ರಲ್ಲಿ ಬರೆದು ಹಾಡಿದಾಗ ಅದು ದುಡಿದು ಮನೆಗೆ ಬಂದ ಗಂಡಸಿನ ಬೇಡಿಕೆಯಾಗಿತ್ತು. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನೇ ಹೆಣ್ಣಿನ ಬಾಯಲ್ಲಿ ಇಟ್ಟರು. ಆ ಪದದ ಒಂದೊಂದೇ ಅಕ್ಷರವನ್ನು ಬಿಡಿಸಿ ಹಾಡುವ ಭಾಗ, ಸಹೋದರಿಯರ ಹಿನ್ನೆಲೆ ಗಾಯನ, ನಡುವಿನ ಸ್ಯಾಕ್ಸೊಫೋನ್ ಎಲ್ಲವೂ ಹೊಸ ಸೇರ್ಪಡೆ. ಮಹಿಳಾ ಹಕ್ಕು ಮತ್ತು ನಾಗರಿಕ ಹಕ್ಕುಗಳ ಚಳವಳಿಗಳ ದನಿಯಾದದ್ದು ಈ ರೂಪವೇ. ಅಮೆರಿಕದ ಕಾನೂನು ರೇಡಿಯೊ ಪ್ರಸಾರಕ್ಕೆ ರಚನಕಾರರಿಗೆ ರಾಯಧನ ಕೊಡಿಸುತ್ತದೆ, ಹಾಡಿದವರಿಗೆ ಕೊಡಿಸುವುದಿಲ್ಲ. ಹೀಗಾಗಿ ಅರೀಥಾರ ‘ರೆಸ್ಪೆಕ್ಟ್’ ರೇಡಿಯೊದಲ್ಲಿ ಎಷ್ಟು ಬಾರಿ ಮೊಳಗಿದರೂ ಆ ರಾಯಧನದಲ್ಲಿ ಅವರಿಗೆ ಪಾಲಿರಲಿಲ್ಲ. ಅವರು ಸೇರಿಸಿದ್ದೇನು ಎಂಬುದು ಉಳಿದುಬಂದದ್ದು ಮುದ್ರಣದ ದಿನ ಸ್ಟುಡಿಯೊದಲ್ಲಿದ್ದವರು ಹೇಳಿದ ಮಾತುಗಳಿಂದ, ಮತ್ತು ಎರಡೂ ಧ್ವನಿಮುದ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿದವರಿಂದ.

ಕಲಾವಿದರು ಹಾಡಿನ ಕಥೆ ಹೇಳಬೇಕೆಂಬ ಮಾತಿಗೆ ಎರಡು ಆಕ್ಷೇಪಗಳಿವೆ. ಹಾಡು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಕಥೆ ಹೇಳಿದರೆ ಕೇಳುಗರ ಕಲ್ಪನೆಗೆ ಬೇಲಿ ಹಾಕಿದಂತೆ ಎಂಬುದು ಮೊದಲನೆಯದು. ಈ ಭಯಕ್ಕೆ ಆಧಾರ ಸಾಲದು. ವ್ಯಾಗನರ್ ವಿಷಯ ತಿಳಿದ ಮೇಲೂ ಜನ ಪಾರ್ಟನ್‌ರ ಹಾಡಿನಲ್ಲಿ ತಮ್ಮ ಅಗಲಿಕೆಗಳನ್ನೇ ಕಾಣುತ್ತಿದ್ದಾರೆ. ತಿಳಿದದ್ದರಿಂದ ಒಂದು ಅರ್ಥ ಹೆಚ್ಚಾಯಿತೇ ಹೊರತು ಇದ್ದ ಅರ್ಥ ಅಳಿಯಲಿಲ್ಲ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ನೆನಪು ತಪ್ಪುತ್ತದೆ, ಪ್ರಸಿದ್ಧರು ಕಥೆಯನ್ನು ತಮಗೆ ಬೇಕಾದಂತೆ ತಿದ್ದುತ್ತಾರೆ. ನಿಜ. ಆದರೂ ಹೇಳಿದ ಮಾತನ್ನು ಪರೀಕ್ಷಿಸಬಹುದು, ಹೇಳದೆ ಉಳಿದದ್ದನ್ನು ಪರೀಕ್ಷಿಸಲು ಆಗದು. ರಾನ್‌ಸ್ಟಾಟ್ ಕೈಬಿಟ್ಟ ಚರಣದ ಮಾತು ಸರಿಯೇ ಎಂದು ಆ ಮುದ್ರಿಕೆ ಕೇಳಿದ ಯಾರಾದರೂ ಹೇಳಬಲ್ಲರು. ಕಲಾವಿದರ ಮಾತನ್ನು ತೀರ್ಪೆಂದು ಒಪ್ಪದೆ ಸಾಕ್ಷ್ಯವೆಂದು ಸ್ವೀಕರಿಸಿದರೆ ಸಾಕು.

ಹಾಡಿಗೆ ಯಾರು ಏನು ಕೊಟ್ಟರು ಎಂಬ ಪ್ರಶ್ನೆ ಕನ್ನಡಕ್ಕೆ ಇನ್ನೂ ಹತ್ತಿರದ್ದು. ವಚನ, ದಾಸರ ಪದ, ತತ್ವಪದಗಳಲ್ಲಿ ರಚನಕಾರರ ಅಂಕಿತ ಪದ್ಯದೊಳಗೇ ಇರುತ್ತದೆ, ಹಾಡಿದವರು ಯಾರೇ ಆಗಲಿ ಕಟ್ಟಿದವರ ಗುರುತು ಉಳಿಯುತ್ತದೆ. ಧಾಟಿ ಹಾಕಿದವರಿಗೆ ಅಂಥ ಅಂಕಿತವಿಲ್ಲ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಇಂದು ಮನೆಮನೆಯಲ್ಲಿ ಗುನುಗುವಂತಾದದ್ದರಲ್ಲಿ ಸಿ. ಅಶ್ವತ್ಥ್ ಅವರ ರಾಗಸಂಯೋಜನೆಯ ಪಾಲು ದೊಡ್ಡದು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಸ್ವಂತ ಹಾಡುಗಳ ಜೊತೆಗೇ ಶರೀಫರ ಪದಗಳನ್ನು ಗಿಟಾರು, ವಯಲಿನ್ನುಗಳೊಡನೆ ಹಾಡಿ ಹೊಸ ಪೀಳಿಗೆಗೆ ಮುಟ್ಟಿಸಿದರು. ಶರೀಫರ ಹಾಡು ಎಂದಷ್ಟೇ ಹೇಳಿ ನಿಲ್ಲಿಸಿದರೆ ನಡುವಿನ ದುಡಿಮೆಯೆಲ್ಲ ಕಾಣದಾಗುತ್ತದೆ. ಭಾವಗೀತೆಗಳ ಕತೆಯೂ ಅಷ್ಟೇ; ಕವಿಯ ಹೆಸರು ಉಳಿದೆಡೆ ಸಂಯೋಜಕರದು ಮರೆಯಾಗುತ್ತದೆ, ಗಾಯಕರ ಹೆಸರು ಮೆರೆದೆಡೆ ಇಬ್ಬರೂ ಮರೆಯಾಗುತ್ತಾರೆ.

ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ, ಮುಂಗಡ ನೋಟಿಸು ಮತ್ತು ರಾಯಧನ ಕೊಟ್ಟು ಕವರ್ ಮಾಡಬಹುದು. ಅದು ಕವರ್ ಎಂದು ಹೊದಿಕೆಯ ಮೇಲೆ ನಮೂದಿಸಬೇಕು. ಇದು ಕನಿಷ್ಠ ಕರ್ತವ್ಯ. ಮೊಬೈಲಿನಲ್ಲಿ ಹಾಡು ಕೇಳುವ ಈ ಕಾಲದಲ್ಲಿ, ಹಿಂದೆ ಕ್ಯಾಸೆಟ್ಟಿನ ಹೊದಿಕೆ ಹೇಳುತ್ತಿದ್ದಷ್ಟೂ ಕೇಳುಗರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಹೊಸದಾಗಿ ಮುದ್ರಿಸುವ ಪ್ರತಿಯೊಬ್ಬರೂ ಪದ್ಯ ಯಾರದು, ಧಾಟಿ ಯಾರದು, ತಾವು ಯಾರ ಗಾಯನದಿಂದ ಕಲಿತರು, ಏನನ್ನು ಬದಲಿಸಿದರು, ಯಾಕೆ ಬದಲಿಸಿದರು ಎಂಬುದನ್ನು ತಮ್ಮ ಬಾಯಿಂದಲೇ ಹೇಳಲಿ. ಹಾಗೆ ಹೇಳಿದರೆ ಹಿಂದಿನವರಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ, ಹೊಸಬರು ತಾವು ಕೊಟ್ಟ ಪಾಲನ್ನೂ ಸಂಕೋಚವಿಲ್ಲದೆ ತಮ್ಮದೆನ್ನಬಹುದು.