ಇನ್ನೊಂದೇ ಒಂದು ವಿಡಿಯೊ!

ಮಕ್ಕಳೇ, “ಇದೊಂದು ನೋಡಿ ಇಟ್ಟುಬಿಡ್ತೀನಮ್ಮ” ಎಂದು ನೀವೂ ಹೇಳಿರಬಹುದು. ಆದರೆ ಒಂದಕ್ಕೇ ನಿಲ್ಲಿಸಿದಿರಾ? ಏಕೆ ನಿಲ್ಲಿಸಲು ಆಗುವುದಿಲ್ಲ?

ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡಿದರು. ಅಲ್ಲಿದ್ದ ಗುಂಡಿಯನ್ನು ಕುಕ್ಕಿದರೆ ಕಾಳು ಸಿಗುತ್ತಿತ್ತು. ಆದರೆ ಪ್ರತಿ ಸಲವೂ ಅಲ್ಲ, ಯಾವಾಗ ಸಿಗುವುದೆಂದು ಹೇಳುವಂತಿರಲಿಲ್ಲ. ಆಗ ಪಾರಿವಾಳಗಳು ಬಿಡದೆ ಕುಕ್ಕಿದವು. ಕಾಳು ಬರುವುದು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇದ್ದವು!

ಮೊಬೈಲಿನಲ್ಲೂ ಹೀಗೆಯೇ. ಬೆರಳಿನಿಂದ ಸರಿಸಿದರೆ ಬರುವ ವಿಡಿಯೊ ಸಪ್ಪೆಯಾಗಿರಬಹುದು, ಬಲು ಮಜವಾಗಿಯೂ ಇರಬಹುದು. ಈ ನಿರೀಕ್ಷೆಯಲ್ಲಿ ನಮ್ಮ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ‘ಇನ್ನೊಮ್ಮೆ ನೋಡು’ ಎಂದು ಪ್ರೇರೇಪಿಸುತ್ತದೆ. ‘ಇನ್ನು ಸಾಕು’ ಎಂದು ತಡೆಯುವುದು ಮಿದುಳಿನ ಮುಂಭಾಗದ ಕೆಲಸ. ಆ ಭಾಗ ಪೂರ್ತಿ ಬೆಳೆಯಲು ಸುಮಾರು 25 ವರ್ಷ ಬೇಕು. ಆದ್ದರಿಂದ ಮಕ್ಕಳಿಗೆ ನಿಲ್ಲಿಸುವುದು ದೊಡ್ಡವರಿಗಿಂತ ಕಷ್ಟ.

ಊಟ, ನಿದ್ದೆ, ಓದು ಎಲ್ಲ ಕೆಟ್ಟರೂ ವಿಡಿಯೊ ಆಟ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇಂಥವರ ಚಿಕಿತ್ಸೆಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಒಂದು ಕ್ಲಿನಿಕ್ ಆರಂಭವಾಯಿತು.

ನೀವೇ ಮಾಡಿ ನೋಡಿ: ಮೊಬೈಲ್ ಹಿಡಿಯುವ ಮೊದಲು ಸಮಯ ಬರೆದುಕೊಳ್ಳಿ. ಕೆಳಗಿಟ್ಟ ಮೇಲೆ, ಗಡಿಯಾರ ನೋಡದೆ, ಎಷ್ಟು ನಿಮಿಷ ಆಗಿರಬಹುದೆಂದು ಊಹಿಸಿ ಬರೆಯಿರಿ. ಆಮೇಲೆ ಗಡಿಯಾರ ನೋಡಿ. ಏಳು ದಿನ ಹೀಗೆ ಮಾಡಿ, ವ್ಯತ್ಯಾಸವನ್ನು ತರಗತಿಯಲ್ಲಿ ಹೇಳಿ.

ಬಿಡಬೇಕೆಂದರೂ ಬಿಡಲಾಗುತ್ತಿಲ್ಲವೇ? ಮನೆಯವರಿಗೋ ನಿಮ್ಮ ಶಿಕ್ಷಕರಿಗೋ ತಿಳಿಸಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.